'ನಡೀತದ' ಎಂಬುದಕ್ಕೆ ಎಷ್ಟು ಅಂಕ? ಮಾರುಕಟ್ಟೆ ಸಮೀಕ್ಷೆಯ ಅಂಕಿಗಳನ್ನು ಓದುವ ಬಗೆ

(ಕಲಬುರಗಿಯಲ್ಲಿ ಸಣ್ಣ ಉದ್ದಿಮೆದಾರರು, ಸ್ವಸಹಾಯ ಸಂಘಗಳ ಸದಸ್ಯರು ಮತ್ತು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸಭಿಕರೇ,

ಮಾರುಕಟ್ಟೆ ಸಮೀಕ್ಷೆಯ ಬಗ್ಗೆ ಮಾತಾಡಬೇಕೆಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಈ ಸೀಮೆಯ ಒಂದು ಮಾತು: 'ನಡೀತದ'. ಕೆಲವು ವರ್ಷಗಳ ಹಿಂದೆ, ತೊಗರಿ ಬೇಳೆಯನ್ನು ಪ್ಯಾಕೆಟ್ಟಿನಲ್ಲಿ ಮಾರುವ ಒಂದು ಕಂಪನಿಗಾಗಿ ಆಳಂದ ಕಡೆಯ ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಉತ್ತರ ಬರೆದುಕೊಳ್ಳುತ್ತಿದ್ದೆವು. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರ ಮುಂದೆ ನನ್ನ ಜೊತೆಗಿದ್ದ ಹುಡುಗ ಪ್ರಶ್ನಾವಳಿಯಲ್ಲಿ ಅಚ್ಚಾದಂತೆಯೇ ಓದಿದ: ಈ ಬೇಳೆಯ ಗುಣಮಟ್ಟ ಅತ್ಯುತ್ತಮವೋ, ಉತ್ತಮವೋ, ಸಾಧಾರಣವೋ, ಕಳಪೆಯೋ, ತೀರಾ ಕಳಪೆಯೋ? ಅವರು ಮೊರದಿಂದ ಕಣ್ಣೆತ್ತದೆ "ನಡೀತದ್ರೀ" ಎಂದರು. ಹುಡುಗ 'ಉತ್ತಮ' ಎಂಬ ಚೌಕಕ್ಕೆ ಗುರುತು ಹಾಕಿದ. ಅವನ ಕೆಲಸ ಪರೀಕ್ಷಿಸಲೆಂದು ಹಿಂದೆ ನಿಂತು ನಾನೂ ಅದೇ ಉತ್ತರವನ್ನು ಬರೆದುಕೊಳ್ಳುತ್ತಿದ್ದೆ. ನನ್ನ ಹಾಳೆಯಲ್ಲಿ ಗುರುತು ಬಿದ್ದದ್ದು 'ಸಾಧಾರಣ' ಎಂಬಲ್ಲಿ. ಓಣಿಗೆ ಬಂದು ಹಾಳೆಗಳನ್ನು ಹೋಲಿಸಿದಾಗ ಇಬ್ಬರಿಗೂ ನಗು ಬಂತು. ಮತ್ತೆ ಹೋಗಿ ಕೇಳಿದೆ, "ಅವ್ವಾ, ಮತ್ತ ಇದೇ ಬ್ಯಾಳಿ ತಗೋತೀರೇನ್ರೀ?" ಅವರು ಹೇಳಿದರು, "ಯಾಕ ತಗೋಬೇಕ್ರೀ? ನಮ್ದು ಹೊಲದ್ದೇ ಅದ. ಇದು ಮಗ ಪ್ಯಾಟಿಂದ ತಂದಿದ್ದ, ಚೆಲ್ಲಲಿಕ್ಕೆ ಬರ್ತದೇನು?"

ಅವರು ಆ ಬೇಳೆಯ ಗ್ರಾಹಕರೇ ಆಗಿರಲಿಲ್ಲ. ಆದರೆ ಇಂಥ ಎಷ್ಟು 'ನಡೀತದ'ಗಳು ತಿದ್ದುಪಡಿಯಾಗದೆ ಲೆಕ್ಕಕ್ಕೆ ಸೇರಿ, ಕಡೆಗೆ ದುಂಡನೆಯ ಚಿತ್ರವೊಂದರಲ್ಲಿ 'ತೃಪ್ತ ಗ್ರಾಹಕರು' ಎಂಬ ಹಸಿರು ಭಾಗವಾಗಿ ಕಂಪನಿಯವರ ಮೇಜಿನ ಮೇಲೆ ಕುಳಿತವೋ ನಾನು ಹೇಳಲಾರೆ. ಇಂದು ನಾನು ಹೇಳಬೇಕೆಂದು ಬಂದಿರುವ ಮಾತು ಇದೇ. ಸಮೀಕ್ಷೆ ಕೆಡುವುದು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವಾಗ ಅಲ್ಲ. ಅದಕ್ಕೆ ಬಹಳ ಮೊದಲು, ಯಾರೋ ಒಬ್ಬರ ಹೊಸ್ತಿಲ ಮುಂದೆ. ಆದ್ದರಿಂದ ಯಾರಾದರೂ ನಿಮ್ಮ ಮುಂದೆ 'ಶೇಕಡಾ ಇಷ್ಟು' ಎಂದಾಗ, ಆ ಅಂಕಿಯನ್ನು ಹಿಂದಕ್ಕೆ ನಡೆಸಿಕೊಂಡು ಹೋಗಿ ಅದೇ ಹೊಸ್ತಿಲಲ್ಲಿ ನಿಲ್ಲಿಸಿ ನೋಡುವ ಅಭ್ಯಾಸ ಬೇಕು.

ಮೊದಲು ಪ್ರಶ್ನೆಯ ಮಾತು. ನಮ್ಮ ಭಾಗದಲ್ಲಿ ಪ್ರಶ್ನಾವಳಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಟ್ಟುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತವರೊಬ್ಬರು ಅದನ್ನು ಗ್ರಾಂಥಿಕ ಕನ್ನಡಕ್ಕೆ ತರುತ್ತಾರೆ. ಕಡೆಗೆ ಉತ್ತರ ಬರೆದುಕೊಳ್ಳುವ ಹುಡುಗನೋ ಹುಡುಗಿಯೋ ಬಾಗಿಲಲ್ಲಿ ನಿಂತು ಅದನ್ನು ತನಗೆ ತೋಚಿದ ಹಾಗೆ ಕಲಬುರಗಿ ಕನ್ನಡಕ್ಕೆ, ದಖನಿ ಉರ್ದುವಿಗೆ, ಸೇಡಂ ಕಡೆಯಾದರೆ ತೆಲುಗಿಗೆ, ಆಳಂದ ಮತ್ತು ಬೀದರ್ ಕಡೆಯಾದರೆ ಮರಾಠಿಗೆ, ತಾಂಡಾದಲ್ಲಿ ಲಂಬಾಣಿಗೆ ತಿರುಗಿಸುತ್ತಾರೆ. ಕಾಗದದ ಮೇಲೆ ಒಂದೇ ಪ್ರಶ್ನೆ, ಬಾಯಲ್ಲಿ ಐದು. 'ಪರವಾಗಿಲ್ಲ' ಎಂಬ ಮಾತು ದನಿಯ ಏರಿಳಿತಕ್ಕೆ ತಕ್ಕಂತೆ ಮೆಚ್ಚುಗೆಯೂ ಹೌದು, ಬೇಸರವೂ ಹೌದು. ಚೌಕಕ್ಕೆ ಗುರುತು ಹಾಕುವಾಗ ಆ ದನಿ ಕಳೆದುಹೋಗುತ್ತದೆ. ಆದ್ದರಿಂದ ಅನುವಾದವನ್ನು ಮೂಲ ನೋಡಿರದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸಬೇಕು. ಅದಕ್ಕಿಂತಲೂ ಮುಖ್ಯವಾಗಿ, ಹದಿನೈದಿಪ್ಪತ್ತು ಮನೆಗಳಲ್ಲಿ ಮೊದಲೇ ಕೇಳಿ ನೋಡಿ, ಜನ ತಾವಾಗಿ ಯಾವ ಮಾತಿನಲ್ಲಿ ಉತ್ತರಿಸುತ್ತಾರೋ ಆ ಮಾತುಗಳನ್ನೇ ಚೌಕಗಳಿಗೆ ಹೆಸರಾಗಿಡಬೇಕು. ದುಡ್ಡು ಉಳಿಸುವ ಯೋಚನೆ ಬಂದಾಗ ಎಲ್ಲಕ್ಕಿಂತ ಮೊದಲು ಕೈಬಿಡುವುದು ಈ ಕೆಲಸವನ್ನೇ ಎಂಬುದು ನನ್ನ ಬಹುದಿನದ ಬೇಸರ.

"ನಮ್ಮ ಬೇಳೆ ರುಚಿಯಾಗಿದೆ ಮತ್ತು ಬೇಗ ಬೇಯುತ್ತದೆ ಎಂಬುದನ್ನು ಒಪ್ಪುತ್ತೀರಾ?" ಎಂಬಂಥ ಪ್ರಶ್ನೆಯನ್ನು ನೀವೂ ಕಂಡಿರಬಹುದು. ರುಚಿ ಒಪ್ಪಿ ಬೇಯುವುದನ್ನು ಒಪ್ಪದವರು ಎಲ್ಲಿ ಗುರುತು ಹಾಕಿಸಬೇಕು? ಇದು ಬರೀ ವ್ಯಾಕರಣದ ತಕರಾರಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಅಡುಗೆ ಮಾಡುವ ಮನೆಯಲ್ಲಿ ತಡವಾಗಿ ಬೆಂದ ಬೇಳೆ ಪಕ್ಕದ ಊರಿನ ಮೆದು ನೀರಿನಲ್ಲಿ ಬೇಗ ಬೇಯಬಹುದು. ಎರಡು ಗುಣಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿದವರಿಗೆ ದೂರು ಬೇಳೆಯ ಮೇಲೋ ನೀರಿನ ಮೇಲೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ಇನ್ನು 'ಒಪ್ಪುತ್ತೀರಾ' ಎಂದು ಕೇಳುವುದೇ ಒಂದು ಬಗೆಯಲ್ಲಿ ಹೂಂ ಎನ್ನಿ ಎಂದು ಕೋರಿದಂತೆ. ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಟ್ಟು, ಚಹಾ ಮಾಡಿ, ಚಾಪೆ ಹಾಸಿ ಕೂರಿಸಿದ ಮನೆಯವರು ಅವರು ತಂದ ಸಾಮಾನಿಗೆ ಹೆಸರಿಡುವುದುಂಟೆ? ಬಂದವರ ಮನಸ್ಸು ನೋಯಿಸಬಾರದೆಂಬ ಈ ಸೌಜನ್ಯ ನಮ್ಮ ಕಡೆ ಬಹಳ, ಮತ್ತು ಸಮೀಕ್ಷೆ ಮಾಡುವವರಿಗೆ ಅದರಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ.

"ಮಾರುಕಟ್ಟೆಗೆ ಬಂದರೆ ಕೊಳ್ಳುತ್ತೀರಾ?" ಎಂಬ ಪ್ರಶ್ನೆಗೂ ಇದೇ ಗತಿ. "ತಗೋತೀವ್ರೀ" ಎನ್ನಲು ಕಿಸೆಯಿಂದ ಏನೂ ಹೋಗುವುದಿಲ್ಲ. ಮುಂದೆ ಮಾಡುವುದನ್ನು ಕೇಳುವ ಬದಲು ಹಿಂದೆ ಮಾಡಿದ್ದನ್ನು ಕೇಳಿದರೆ ಉತ್ತರ ಗಟ್ಟಿಯಾಗಿರುತ್ತದೆ: ಕಡೆಯ ಸಲ ಬೇಳೆ ತಂದದ್ದು ಯಾವಾಗ, ಯಾವ ಅಂಗಡಿಯಿಂದ, ಎಷ್ಟು ಕಿಲೋ, ಎಷ್ಟು ಕೊಟ್ಟಿರಿ? ದೊಡ್ಡವರೂ ಇಲ್ಲಿ ಎಡವಿದ್ದಾರೆ. 1985ರಲ್ಲಿ ಕೋಕಾ-ಕೋಲಾ ಕಂಪನಿ ಸುಮಾರು ಎರಡು ಲಕ್ಷ ಜನರಿಗೆ ಹೊಸ ರುಚಿಯ ಪಾನೀಯ ಕುಡಿಸಿ ನೋಡಿ, ಹೆಚ್ಚು ಜನ ಮೆಚ್ಚಿದ್ದಾರೆಂದು ಹಳೆಯದನ್ನು ನಿಲ್ಲಿಸಿತು. ಜನರ ಸಿಟ್ಟು ತಾಳಲಾರದೆ ಮೂರು ತಿಂಗಳು ತುಂಬುವ ಮೊದಲೇ ಹಳೆಯದನ್ನು ಮರಳಿ ತರಬೇಕಾಯಿತು. ಒಂದು ಗುಟುಕು ಕುಡಿದು ಯಾವುದು ರುಚಿ ಎಂದು ಹೇಳುವುದು ಬೇರೆ, ವರ್ಷಗಟ್ಟಲೆ ಕುಡಿದು ಬಂದದ್ದನ್ನು ಬಿಟ್ಟುಕೊಡುವುದು ಬೇರೆ.

ಈಗ ಯಾರನ್ನು ಕೇಳಿದೆವು ಎಂಬ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬೀದರ್, ಕಲಬುರಗಿ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಸಮೀಕ್ಷೆಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಅಕ್ಕಿಯೆಲ್ಲ ಒಂದೇ ಚೀಲದ್ದಾದರೆ ಅದು ನಿಜ. ಆದರೆ ಹೋದ ವರ್ಷದ ಬೇಳೆಯನ್ನೂ ಹೊಸ ಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಲು ಹಾಕಿದ ಯಾರನ್ನಾದರೂ ಕೇಳಿ. ಒಂದು ಕರಗಿಹೋಗಿರುತ್ತದೆ, ಇನ್ನೊಂದು ಹಲ್ಲಿಗೆ ಸಿಕ್ಕುತ್ತಿರುತ್ತದೆ. ಅಲ್ಲಿ ಒಂದು ಕಾಳನ್ನು ಹಿಚುಕಿ ನೋಡಿ ಪಾತ್ರೆಯ ಬಗ್ಗೆ ತೀರ್ಪು ಕೊಡಲಾಗದು. ನಮ್ಮ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವರಿಗೆ ಇದನ್ನು ಯಾರೂ ಪಾಠ ಹೇಳಬೇಕಿಲ್ಲ. ಚೀಲದ ಬಾಯಿಯಲ್ಲಿ ಕಾಣುವ ಕಾಳನ್ನಷ್ಟೇ ನೋಡಿ ದರ ಕಟ್ಟುವ ಖರೀದಿದಾರನನ್ನು ನಾನಂತೂ ಕಂಡಿಲ್ಲ. ನಡುವಿಗೆ ಚುಚ್ಚಿ, ತಳಕ್ಕೆ ಚುಚ್ಚಿ, ಹತ್ತು ಚೀಲದಲ್ಲಿ ನಾಲ್ಕನ್ನು ತನಗೆ ಬೇಕಾದಂತೆ ಆರಿಸಿ, ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಯಾವ ಚೀಲ ನೋಡಬೇಕೆಂಬುದನ್ನು ಮಾರುವವನಿಗೆ ಬಿಡುವುದಿಲ್ಲ. ಸಂಖ್ಯಾಶಾಸ್ತ್ರದ ಪುಸ್ತಕಗಳು ಯಾದೃಚ್ಛಿಕ ಮಾದರಿ ಎಂದು ಕರೆಯುವುದು ಇದರಿಂದ ಒಂದು ಹೆಜ್ಜೆ ಮುಂದೆ: ಆಯ್ಕೆಯನ್ನು ಕೊಳ್ಳುವವನ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುವುದು. ಅದೇ ವ್ಯಾಪಾರಿಯ ಮಗ ಎಂಬಿಎ ಮುಗಿಸಿ ಬಂದು, ಕಲಬುರಗಿ ನಗರದ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಂಜೆ ಓಡಾಡುವ ಇನ್ನೂರು ಜನರನ್ನು ಕೇಳಿ, 'ಕಲಬುರಗಿ ಜಿಲ್ಲೆಯ ಗ್ರಾಹಕರು' ಎಂದು ವರದಿ ಬರೆದಾಗ ಚೀಲದ ಬಾಯಿಯನ್ನಷ್ಟೇ ನೋಡಿದಂತಾಯಿತು ಎಂದು ತಂದೆಗೂ ಹೊಳೆಯುವುದಿಲ್ಲ, ಮಗನಿಗೂ ಹೊಳೆಯುವುದಿಲ್ಲ.

ಹಳ್ಳಿಗೆ ಹೋದರೂ ತೊಡಕು ತಪ್ಪದು. ಜೀಪು ನಿಲ್ಲುವುದು ಗುಡಿಯ ಮುಂದೆ ಅಥವಾ ಹೋಟೆಲ್ಲಿನ ಮುಂದೆ; ಅಲ್ಲಿಂದ ಕಾಲಿಗೆ ಹತ್ತಿರವಾದ ಮನೆಗಳು ಸಮೀಕ್ಷೆಗೆ ಸೇರುತ್ತವೆ. ಊರಂಚಿನ ಕೇರಿ ಉಳಿಯುತ್ತದೆ. ಊರಿನಿಂದ ದೂರದಲ್ಲಿರುವ ತಾಂಡಾ, ಕಂದಾಯ ದಾಖಲೆಯಲ್ಲಿ ಅದೇ ಗ್ರಾಮಕ್ಕೆ ಸೇರಿದ್ದರೂ, ಹಾಳೆಯ ಮೇಲೆ ಬರುವುದೇ ಇಲ್ಲ. ಕಾಲವೂ ಹೀಗೆಯೇ ಜರಡಿ ಹಿಡಿಯುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಕೂಲಿಗಾಗಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದ ಕುಟುಂಬಗಳ ಬಾಗಿಲಿಗೆ ಬೀಗವಿರುತ್ತದೆ. ಮಳೆಗಾಲದ ಬಿತ್ತನೆಯ ಹೊತ್ತಿಗೆ ಬೀಗ ತೆಗೆಯುತ್ತದೆ. ಮಾರ್ಚಿಯಲ್ಲಿ ಮಾಡಿದ ಸಮೀಕ್ಷೆಯೂ ಜುಲೈಯಲ್ಲಿ ಮಾಡಿದ ಸಮೀಕ್ಷೆಯೂ ಒಂದೇ ಊರಿನದಾದರೂ ಒಂದೇ ಜನರದ್ದಲ್ಲ. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಎಂಬ ಸೂಚನೆ ಬಹಳ ಪ್ರಶ್ನಾವಳಿಗಳ ಮೊದಲ ಪುಟದಲ್ಲಿರುತ್ತದೆ. ಆ ಒಂದು ಸಾಲು ಗುಳೆ ಹೋದವರನ್ನೆಲ್ಲ ಲೆಕ್ಕದಿಂದ ಹೊರಗೆ ಹಾಕುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಬೇಸಿಗೆಯದು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಆಗುವುದು ನಿಮಗೆಲ್ಲ ಗೊತ್ತು. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಗರದ ಬಡಾವಣೆಯೊಂದರಲ್ಲಿ ಬಾಗಿಲು ತಟ್ಟಿದರೆ ತೆರೆಯುವ ಗಂಡಸು ಯಾರು? ಹೆಚ್ಚಿನ ಮಟ್ಟಿಗೆ ಸರ್ಕಾರಿ ನೌಕರ. ಅಂಗಡಿಯವನು ಅಂಗಡಿಯಲ್ಲಿ, ಆಟೋದವನು ರಸ್ತೆಯಲ್ಲಿ ಇರುತ್ತಾನೆ. ಫ್ರಿಜ್ ಎಷ್ಟು ಮನೆಗಳಲ್ಲಿದೆ ಎಂದು ಆ ಹೊತ್ತಿನಲ್ಲಿ ಲೆಕ್ಕ ಹಾಕಿದವರು ನಗರ ಬಹಳ ಮುಂದುವರಿದಿದೆ ಎಂದು ಸಂತೋಷಪಟ್ಟಾರು.

ಮನೆ ಸರಿಯಾಗಿ ಸಿಕ್ಕಿತೆನ್ನೋಣ. ಮನೆಯೊಳಗೆ ಯಾರು? ಅಡುಗೆ ಎಣ್ಣೆಯ ಬಗ್ಗೆ ಕೇಳಲು ಹೋದಾಗ ಮುಂದೆ ಬಂದು ಕೂರುವುದು ಯಜಮಾನರು. ಒಲೆಯ ಮುಂದಿರುವವರು ಬಾಗಿಲ ಮರೆಯಲ್ಲಿ ನಿಂತು ಅವರು ಹೇಳಿದ ದರವನ್ನು ತಿದ್ದುತ್ತಿರುತ್ತಾರೆ. ಮನೆಮಂದಿಯಲ್ಲಿ ಒಬ್ಬರನ್ನು ಆರಿಸಲು ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರನ್ನು ಕೇಳಿ ಎಂಬ ಸುಲಭದ ವಿಧಾನ ಹೊರದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಬಳಸಹೋದವರ ಪಾಡು ಕೇಳಬೇಕು. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದ ಜೂನ್ 1 ಎಂಬ ದಿನಾಂಕ ನಮ್ಮಲ್ಲಿ ಎಷ್ಟೋ ಜನರ ಜನ್ಮದಿನ. ಗಂಡ, ಹೆಂಡತಿ, ಮೈದುನ ಮೂವರದೂ ಒಂದೇ ದಿನ! ಮನೆಯ ಸದಸ್ಯರನ್ನು ಪಟ್ಟಿ ಮಾಡಿ, ಮೊದಲೇ ಅಚ್ಚು ಹಾಕಿಸಿದ ಕೋಷ್ಟಕವೊಂದರಿಂದ ಒಬ್ಬರನ್ನು ಆರಿಸುವ ವಿಧಾನವನ್ನು 1949ರಲ್ಲಿ ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞರು ಮುಂದಿಟ್ಟರು. ಹಳೆಯದಾದರೂ ನಮ್ಮ ಕಡೆಗೆ ಹೊಂದುವುದು ಅದೇ.

ಈಗ ವಾಟ್ಸಾಪ್ ಗುಂಪುಗಳಲ್ಲಿ ಲಿಂಕ್ ಕಳಿಸಿ ಉತ್ತರ ಸಂಗ್ರಹಿಸುವುದು ಬಂದಿದೆ. ಸಾವಿರಾರು ಉತ್ತರ ಬಂದವೆಂದು ಕಳಿಸಿದವರು ಹಿಗ್ಗುತ್ತಾರೆ. ಅವರಿಗೆ ನಾನು ಹೇಳುವ ಕಥೆ ಹಳೆಯದು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ದೂರವಾಣಿ ಪುಸ್ತಕ, ಕಾರು ಮಾಲೀಕರ ಪಟ್ಟಿ ಮೊದಲಾದವುಗಳಿಂದ ವಿಳಾಸ ತೆಗೆದು ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಅದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು ಎಂಬ ಅರ್ಧ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಉಳಿದರ್ಧವೆಂದರೆ, ಕಾರ್ಡು ತಲುಪಿದವರಲ್ಲಿ ನಾಲ್ಕರಲ್ಲಿ ಮೂವರು ಉತ್ತರಿಸಲೇ ಇಲ್ಲ, ಉತ್ತರಿಸಿದವರು ಉತ್ತರಿಸದವರಂತೆ ಇರಲಿಲ್ಲ. ನಿಮ್ಮ ಲಿಂಕನ್ನು ಒತ್ತಿದವರ ಸಂಖ್ಯೆಯ ಜೊತೆಗೆ ಒತ್ತದವರು ಎಷ್ಟು, ಯಾರು ಎಂಬುದೂ ತಿಳಿಯದಿದ್ದರೆ ಆ ಸಾವಿರಾರು ಉತ್ತರಗಳಿಗೆ ತಳವಿಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ಓದಿ ಉತ್ತರಿಸುವ ನಮೂನೆಗಳು ಯಾರನ್ನು ಹೊರಗಿಡುತ್ತವೆ ಎಂಬುದಕ್ಕೆ ಅದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಉತ್ತರ ಬರೆದುಕೊಳ್ಳುವವರ ಬಗ್ಗೆ ಎರಡು ಮಾತು. ದಿನಕ್ಕೆ ಇಷ್ಟು ನಮೂನೆ ಎಂದು ಗುರಿ ಕೊಟ್ಟು, ನಮೂನೆಗೆ ಇಷ್ಟು ರೂಪಾಯಿ ಎಂದು ಕೂಲಿ ಕಟ್ಟಿ, ನಲವತ್ತೆರಡು ಡಿಗ್ರಿ ಬಿಸಿಲಿಗೆ ಕಳಿಸಿದರೆ, ಬೇವಿನ ಗಿಡದ ನೆರಳಲ್ಲಿ ಕುಳಿತು ಹತ್ತು ನಮೂನೆ ತಾನೇ ತುಂಬುವ ಹುಡುಗನನ್ನು ನಾನು ಪೂರ್ತಿ ಬೈಯಲಾರೆ. ಗುರಿ ಹಾಕಿಕೊಟ್ಟವರದೂ ಅದರಲ್ಲಿ ಪಾಲಿದೆ. ಹಾಗೆ ತುಂಬಿದ್ದನ್ನು ಹಿಡಿಯುವ ಒಂದು ಉಪಾಯ ತಮಾಷೆಯಾಗಿದೆ. ನಮ್ಮಲ್ಲಿ ವಯಸ್ಸು ಕೇಳಿದರೆ ಜನ ನಲವತ್ತು, ನಲವತ್ತೈದು, ಐವತ್ತು ಎಂದು ದುಂಡಾಗಿ ಹೇಳುತ್ತಾರೆ. ಜನಗಣತಿಯಲ್ಲಿಯೂ ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವ ವಯಸ್ಸುಗಳು ಗುಂಪುಗಟ್ಟುತ್ತವೆ. ಗಿಡದ ಕೆಳಗೆ ಕುಳಿತವನು ನಿಜವೆನಿಸಲೆಂದು 37, 43, 52 ಎಂದು ಬರೆಯುತ್ತಾನೆ. ಹಳ್ಳಿಯ ನಮೂನೆಗಳಲ್ಲಿ ವಯಸ್ಸುಗಳು ತೀರಾ ಸಮನಾಗಿ ಹರಡಿದ್ದರೆ ಆ ಕಟ್ಟನ್ನು ಪಕ್ಕಕ್ಕಿಟ್ಟು, ಅದರಲ್ಲಿನ ನಾಲ್ಕು ಮನೆಗಳಿಗೆ ಮರುದಿನ ನೀವೇ ಹೋಗಿ ಬನ್ನಿ.

ಪ್ರಾಮಾಣಿಕರೂ ತಪ್ಪುತ್ತಾರೆ, ಮತ್ತು ಆ ತಪ್ಪು ಒಂದೇ ಕಡೆಗೆ ವಾಲಿರುತ್ತದೆ. ಬೆಳೆ ಕಟಾವು ಪ್ರಯೋಗದಲ್ಲಿ ಹೊಲದ ಒಂದು ತುಂಡನ್ನು ಅಳೆದು ಕೊಯ್ದು ಇಳುವರಿ ಅಂದಾಜು ಮಾಡುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ತುಂಡು ತೀರಾ ಚಿಕ್ಕದಾದರೆ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತೋರಿಸಿದರು. ಕಾರಣ ಸರಳ: ಗೆರೆಯ ಮೇಲೆ ನಿಂತ ಗಿಡವನ್ನು ಕೊಯ್ಯುವವನ ಕೈ ಒಳಗೆಳೆದುಕೊಳ್ಳುತ್ತದೆ. ತುಂಡು ಚಿಕ್ಕದಾದಷ್ಟೂ ಗೆರೆಯ ಮೇಲಿನ ಗಿಡಗಳ ಪಾಲು ದೊಡ್ಡದು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವಾಗ, ಒಂದೇ ಪ್ರದೇಶಕ್ಕೆ ಎರಡು ಬೇರೆಬೇರೆ ಮಾದರಿಗಳನ್ನು ತೆಗೆದು, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ತಂಡಗಳಿಗೆ ಹಂಚಿದರು. ಎರಡರ ಉತ್ತರ ಹತ್ತಿರವಿದ್ದರೆ ಸರಿ. ಅದೃಷ್ಟದ ಏರುಪೇರನ್ನು ಮೀರಿ ದೂರವಿದ್ದರೆ ವ್ಯತ್ಯಾಸ ಬೆಳೆಯಲ್ಲಿಲ್ಲ, ಅಳೆಯುವವರಲ್ಲಿದೆ. ಆಳಂದದ ಆ ಕಟ್ಟೆಯ ಮುಂದೆ ನಾನೂ ಆ ಹುಡುಗನೂ ಮಾಡಿದ್ದು ಇದರದೇ ಸಣ್ಣ ರೂಪ. ಹೆಚ್ಚು ಖರ್ಚಿಲ್ಲದ ಈ ಉಪಾಯವನ್ನು ಖಾಸಗಿ ಸಮೀಕ್ಷೆಗಳವರು ಏಕೆ ಮರೆತರೋ ನನಗೆ ಅರ್ಥವಾಗಿಲ್ಲ.

ಎಷ್ಟು ಜನರನ್ನು ಕೇಳಬೇಕು ಎಂಬ ಪ್ರಶ್ನೆಗೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಸರಿಯಾಗಿ ಆರಿಸಿದ 400 ಜನರಿಂದ ಬಂದ ಶೇಕಡಾವಾರು ಅಂಕಿಗೆ ಆಚೀಚೆ ಸುಮಾರು 5 ಅಂಶಗಳ ತಪ್ಪಿನ ಅಂತರವಿರುತ್ತದೆ. ಅದನ್ನು ಅರ್ಧಕ್ಕಿಳಿಸಲು ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 1,600 ಜನ ಬೇಕು. ಕಲಬುರಗಿ ನಗರಕ್ಕಾದರೂ ಇಡೀ ಕರ್ನಾಟಕಕ್ಕಾದರೂ ಆ 400ರ ಅಂತರ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ 400 ಜನರ ಸಮೀಕ್ಷೆಯಲ್ಲಿ ಒಂದು ಬ್ರಾಂಡಿಗೆ ಶೇ 52, ಇನ್ನೊಂದಕ್ಕೆ ಶೇ 48 ಬಂದರೆ ಮೊದಲನೆಯದು ಮುಂದಿದೆ ಎಂದು ಜಾಹೀರಾತು ಕೊಡುವುದು ಅವಸರ. ಆದರೆ ಅದೇ 400ರಲ್ಲಿ ಚಿಂಚೋಳಿಯವರು 40 ಜನ ಇದ್ದು, 'ಚಿಂಚೋಳಿಯಲ್ಲಿ ಶೇ 60 ಜನರ ಮೆಚ್ಚುಗೆ' ಎಂದು ಬರೆದರೆ ಅದರ ಅಂತರ ಆಚೀಚೆ 15. ನಿಜ 45 ಇರಬಹುದು, 75 ಇರಬಹುದು. ವರದಿಗಳಲ್ಲಿ ಅತಿ ಹೆಚ್ಚು ಗಮನ ಸೆಳೆಯುವ ವಾಕ್ಯಗಳು ಇಂಥ ಸಣ್ಣ ಗುಂಪುಗಳವೇ ಆಗಿರುತ್ತವೆ ಎಂಬುದನ್ನು ಗಮನಿಸಿ. ಇನ್ನೊಂದು: ಈ ಅಂತರ ಅದೃಷ್ಟದ ಏರುಪೇರನ್ನಷ್ಟೇ ಅಳೆಯುತ್ತದೆ. ತಾಂಡಾ ಬಿಟ್ಟುಹೋದದ್ದನ್ನೂ 'ನಡೀತದ'ವನ್ನು ತಪ್ಪಾಗಿ ಬರೆದದ್ದನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿಯವರೆಗೆ ಅಂಕಿ ಹುಟ್ಟುವ ಬಗೆ. ಇನ್ನು ಸರಿಯಾಗಿ ಹುಟ್ಟಿದ ಅಂಕಿಯನ್ನು ತಪ್ಪಾಗಿ ಓದುವ ಬಗೆ. ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿದೆ. 2001ರ ಜನಗಣತಿಯಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31.3 ಲಕ್ಷ. 2011ರಲ್ಲಿ 25.7 ಲಕ್ಷ. ಹತ್ತು ವರ್ಷದಲ್ಲಿ ಐದೂವರೆ ಲಕ್ಷ ಜನ ಕಡಿಮೆ! ಗುಳೆಯ ಪರಿಣಾಮವೇ, ಬರಗಾಲವೇ ಎಂದು ಯಾರಾದರೂ ಲೇಖನ ಬರೆಯಬಹುದು. ನಡೆದದ್ದು ಇಷ್ಟೇ: 2009ರ ಡಿಸೆಂಬರಿನಲ್ಲಿ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳು ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ಉಳಿದ ತಾಲ್ಲೂಕುಗಳನ್ನಷ್ಟೇ ತೆಗೆದುಕೊಂಡರೆ 2001ರಲ್ಲಿ ಇದ್ದವರು 21.7 ಲಕ್ಷ, ಅಂದರೆ ಜನಸಂಖ್ಯೆ ಶೇ 18ರಷ್ಟು ಏರಿದೆ. ಹೆಸರು ಒಂದೇ ಇದ್ದು ಗಡಿ ಬದಲಾದಾಗ ಏರಿಕೆ ಇಳಿಕೆಯಾಗಿ ಕಾಣುತ್ತದೆ. 2014ರಲ್ಲಿ ಹೆಸರೂ ಕಲಬುರಗಿಯಾಯಿತು, ಹುಡುಕುವವರಿಗೆ ಅದು ಇನ್ನೊಂದು ಗೊಂದಲ. ಆಮೇಲೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಹೊಸ ತಾಲ್ಲೂಕುಗಳಾದವು. ಚಿತ್ತಾಪುರ ತಾಲ್ಲೂಕಿನಲ್ಲಿ ನಿಮ್ಮ ಮಾರಾಟ ಕುಸಿಯಿತೆಂದು ವಿತರಕನ ಮೇಲೆ ಸಿಟ್ಟಾಗುವ ಮೊದಲು, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಶಹಾಬಾದ್ ಎಂಬ ಹೊಸ ಸಾಲು ತೆರೆದಿದೆಯೇ ಎಂದು ನೋಡುವುದು ಒಳ್ಳೆಯದು.

ಸರಾಸರಿಗಳ ಸರಾಸರಿ ಇನ್ನೊಂದು ಬಲೆ. 2011ರಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 70.51, ಕಲಬುರಗಿಯದು 64.85, ಯಾದಗಿರಿಯದು ಆಗಲೇ ಹೇಳಿದ 51.83. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 62.4. ಆದರೆ ಬೀದರಿನಲ್ಲಿ 17 ಲಕ್ಷ, ಕಲಬುರಗಿಯಲ್ಲಿ 25.7 ಲಕ್ಷ, ಯಾದಗಿರಿಯಲ್ಲಿ 11.7 ಲಕ್ಷ ಜನರಿದ್ದರು. ಜನಸಂಖ್ಯೆಗೆ ತಕ್ಕ ತೂಕ ಕೊಟ್ಟರೆ ಸುಮಾರು 63.8 ಬರುತ್ತದೆ. ಸಾಕ್ಷರತೆಯ ಲೆಕ್ಕ ಏಳು ವರ್ಷ ಮೇಲ್ಪಟ್ಟವರದ್ದಾದ್ದರಿಂದ ಖಚಿತವಾಗಿ ಹೇಳಲು ಆ ವಯಸ್ಸಿನವರ ಸಂಖ್ಯೆಯನ್ನೇ ಬಳಸಬೇಕು. ವ್ಯತ್ಯಾಸ ಒಂದೂವರೆ ಅಂಶದಷ್ಟಿರಬಹುದು, ಆದರೆ ಇದೇ ಅಭ್ಯಾಸದಿಂದ ಮೂರು ಅಂಗಡಿಗಳ ಲಾಭಾಂಶದ ಸರಾಸರಿ ತೆಗೆದವರು ಗೂಡಂಗಡಿಗೂ ದೊಡ್ಡ ಮಳಿಗೆಗೂ ಸಮ ತೂಕ ಕೊಟ್ಟು ಕೈ ಸುಟ್ಟುಕೊಳ್ಳುತ್ತಾರೆ. ಲೆಕ್ಕಕ್ಕೆಂದು ಹಿಡಿಯಿರಿ: ಒಂದು ಓಣಿಯ ಹತ್ತು ಮನೆಗಳಲ್ಲಿ ಒಂಬತ್ತರ ತಿಂಗಳ ಆದಾಯ 12,000 ರೂಪಾಯಿ, ಹತ್ತನೆಯದು ದಾಲ್ ಮಿಲ್ ಮಾಲೀಕರದು, 4 ಲಕ್ಷ. ಸರಾಸರಿ 50,800. ಅಷ್ಟು ಆದಾಯದ ಮನೆ ಆ ಓಣಿಯಲ್ಲಿ ಒಂದೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡುವ ಮಧ್ಯಾಂಕ 12,000 ಎಂದು ಸರಿಯಾಗಿ ಹೇಳುತ್ತದೆ. ಶೇಕಡಾವಾರಿನಲ್ಲೂ ಇಂಥ ಕೈಚಳಕ ಉಂಟು: ಮಾರುಕಟ್ಟೆಯ ಪಾಲು ಶೇ 2ರಿಂದ 3ಕ್ಕೆ ಏರಿದ್ದನ್ನು 'ಶೇ 50ರಷ್ಟು ಬೆಳವಣಿಗೆ' ಎನ್ನುವುದು ಸುಳ್ಳಲ್ಲ, ಆದರೆ ಹೇಳುವವರು ಏಕೆ ಹಾಗೆಯೇ ಹೇಳಿದರು ಎಂದು ಕೇಳಬೇಕು. ಕ್ವಿಂಟಲಿಗೆ 8,000 ಇದ್ದ ದರ ಶೇ 10 ಏರಿ, ಮತ್ತೆ ಶೇ 10 ಇಳಿದರೆ 8,000ಕ್ಕೆ ಬರುವುದಿಲ್ಲ, 7,920ಕ್ಕೆ ಬರುತ್ತದೆ. ಇದು ಎಪಿಎಂಸಿಯಲ್ಲಿ ಎಲ್ಲರಿಗೂ ಗೊತ್ತು, ವರದಿ ಓದುವಾಗ ಮಾತ್ರ ಮರೆತುಹೋಗುತ್ತದೆ.

ಕಾರಣ ಹುಡುಕುವ ಅವಸರದ ಬಗ್ಗೆಯೂ ಹೇಳಬೇಕು. ಡಿಸೆಂಬರಿನ ಕೊನೆಗೆ ಜಾಹೀರಾತು ಫಲಕ ಹಾಕಿಸಿ, ಜನವರಿಯಲ್ಲಿ ಬೈಕು ಹೆಚ್ಚು ಮಾರಾಟವಾದದ್ದನ್ನು ಫಲಕದ ಪುಣ್ಯವೆಂದು ತೋರಿಸುವ ವರದಿ ನಾನು ನೋಡಿದ್ದೇನೆ. ಅದು ತೊಗರಿ ಮಾರಿ ರೈತರ ಕೈಗೆ ಹಣ ಬರುವ ತಿಂಗಳು. ಫಲಕ ಹಾಕದ ವರ್ಷದ ಜನವರಿಯೂ, ಫಲಕವಿಲ್ಲದ ಊರಿನ ಅದೇ ಜನವರಿಯೂ ಪಕ್ಕದಲ್ಲಿಲ್ಲದಿದ್ದರೆ ಆ ವರದಿ ಏನನ್ನೂ ಹೇಳುವುದಿಲ್ಲ. ಅದೇ ರೀತಿ, ಒಂದೇ ಸಮೀಕ್ಷೆಯನ್ನು ವಯಸ್ಸು, ಲಿಂಗ, ತಾಲ್ಲೂಕು, ಆದಾಯ, ಭಾಷೆ ಎಂದು ಇಪ್ಪತ್ತು ಬಗೆಯಲ್ಲಿ ಕತ್ತರಿಸಿ ನೋಡಿದರೆ, ನಿಜಕ್ಕೂ ಯಾವ ವ್ಯತ್ಯಾಸ ಇಲ್ಲದಿದ್ದರೂ ಒಂದಲ್ಲ ಒಂದು ಕಡೆ 'ಗಮನಾರ್ಹ' ವ್ಯತ್ಯಾಸ ಕಾಣುವ ಸಂಭವ, ಪ್ರತಿ ಹೋಲಿಕೆಯಲ್ಲಿ ಇಲ್ಲದ ವ್ಯತ್ಯಾಸ ಬರೀ ಅದೃಷ್ಟದಿಂದ ಕಾಣಲು ನೂರಕ್ಕೆ ಐದರಷ್ಟು ಅವಕಾಶ ಕೊಡುವ ರೂಢಿಯ ಮಿತಿಯಲ್ಲಿ, ಹೋಲಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವೆಂದು ಹಿಡಿದರೆ, ನೂರಕ್ಕೆ 64ರಷ್ಟು. ಇಪ್ಪತ್ತರಲ್ಲಿ ಹತ್ತೊಂಬತ್ತನ್ನು ಮುಚ್ಚಿಟ್ಟು ಒಂದನ್ನೇ ತೋರಿಸುವವರು ಬೇಕೆಂದೇ ಹಾಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಸಿಕ್ಕದ್ದರ ಸಂತೋಷದಲ್ಲಿ ಹುಡುಕಿದ್ದರ ಲೆಕ್ಕ ತಪ್ಪುತ್ತದೆ.

ಮಾತು ಮುಗಿದ ಮೇಲೆ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿ ಮಾರುವ ಸಂಘವೊಂದರ ಸದಸ್ಯೆ ಎದ್ದು ನಿಂತು, ಇಷ್ಟೆಲ್ಲ ಹೇಳಿದಿರಿ, ನಾವು ಖಾರ ಕಡಿಮೆ ಮಾಡಿದ ಚಟ್ನಿ ತರಬೇಕೋ ಬ್ಯಾಡೋ ತಿಳಿಯಬೇಕು, ಕೈಯಲ್ಲಿರುವುದು ಹತ್ತು ಸಾವಿರ ರೂಪಾಯಿ, ಏನು ಮಾಡಬೇಕ್ರೀ ಸರ್ ಎಂದು ಕೇಳಿದರು. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ನಾನು ಹೇಳಿದ್ದು: ನಾನೂರು ಮನೆಗೆ ಹೋಗುವ ಆಸೆ ಬಿಡಿ. ನಲವತ್ತು ಮನೆ ಸಾಕು, ಆದರೆ ಆ ನಲವತ್ತನ್ನು ನಿಮ್ಮ ಗೆಳತಿಯರ ಮನೆಗಳಿಂದ ಆರಿಸಬೇಡಿ; ನಾಲ್ಕು ಬಡಾವಣೆ ಹಿಡಿದು, ಪ್ರತಿ ಓಣಿಯಲ್ಲಿ ಎಣಿಸಿ ಏಳನೆಯ ಮನೆಗೆ ಹೋಗಿ, ಬೀಗ ಹಾಕಿದ್ದರೆ ಸಂಜೆ ಮತ್ತೆ ಅದೇ ಮನೆಗೆ ಹೋಗಿ. ಹೇಗಿದೆ ಎಂದು ಕೇಳಬೇಡಿ. ಹಳೆಯ ಚಟ್ನಿಯ ಒಂದು ಡಬ್ಬಿ, ಹೊಸದರ ಒಂದು ಡಬ್ಬಿ, ಒಂದೇ ಅಳತೆಯವು, ಹೆಸರಿಲ್ಲದೆ ಕೊಟ್ಟು ಬನ್ನಿ.

"ಆಮ್ಯಾಲ?" ಎಂದರು ಅವರು.

ಎಂಟು ದಿನ ಬಿಟ್ಟು ಹೋಗಿ, ಡಬ್ಬಿಗಳನ್ನು ತರಿಸಿ, ಎರಡರಲ್ಲಿಯೂ ಎಷ್ಟು ಉಳಿದಿದೆ ಎಂದು ತೂಗಿ ಬರೆದುಕೊಳ್ಳಿ. ಖಾಲಿ ಡಬ್ಬಿಗೆ ಸೌಜನ್ಯ ಗೊತ್ತಿಲ್ಲ. ಬರೆಯುವಾಗ ಶೇಕಡಾ ಎಂದು ಬರೆಯದೆ, ನಲವತ್ತು ಮನೆಯಲ್ಲಿ ಇಷ್ಟು ಮನೆ ಎಂದೇ ಬರೆಯಿರಿ ಎಂದೆ. ಅವರು ತಮ್ಮ ಪಕ್ಕದಲ್ಲಿದ್ದವರ ಕಡೆ ತಿರುಗಿ, "ತಕ್ಕಡಿ ಒಯ್ಯಬೇಕಂತ" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.